ಸಾ ಗುರುತಿನ ಮರಗಳು

ಸಾಧಾರಣ ಎಂಬ ಮಾತನ್ನು ಆ ಕಾಲದ ಹುಣಸೂರಿನಲ್ಲಿ ನನ್ನಷ್ಟು ಸಲ ಬರೆದವರು ಇನ್ನೊಬ್ಬರು ಇದ್ದಿರಲಾರರು. ಪಿರಿಯಾಪಟ್ಟಣದ ರಸ್ತೆಯ ಮಗ್ಗುಲಿಗಿದ್ದ ಒಂದು ಮರದ ಮಂಡಿಯಲ್ಲಿ ನಾನು ಐದು ವರ್ಷ ರೈಟರಾಗಿದ್ದೆ. ಎರಡನೇ ಯುದ್ಧಕ್ಕೆ ಕೆಲವು ವರ್ಷ ಮುಂಚಿನ ಮಾತು. ಮಂಡಿಯ ಸಾಹುಕಾರರು ಮೈಸೂರಿನಲ್ಲಿದ್ದರು. ಎರಡು ತಿಂಗಳಿಗೊಮ್ಮೆ ಬಂದು ಒಂದು ಸುತ್ತು ಹಾಕಿ ಹೋಗುತ್ತಿದ್ದರು. ವೀರನಹೊಸಹಳ್ಳಿಯ ಕಡೆಯಿಂದ, ಹೆಗ್ಗಡದೇವನಕೋಟೆಯ ಕಡೆಯಿಂದ ದಿಮ್ಮಿಗಳು ಗಾಡಿಯ ಮೇಲೆ ಬಂದು ಇಳಿಯುತ್ತಿದ್ದವು. ಅವನ್ನು ಅಳೆದು, ದರ್ಜೆ ಬರೆದು, ಸಾಲಾಗಿ ಜೋಡಿಸಿಡುವುದು ನಮ್ಮ ಕೆಲಸ.

ದರ್ಜೆ ಮೂರೇ. ಉತ್ತಮ, ಸಾಧಾರಣ, ಕನಿಷ್ಠ. ದಿಮ್ಮಿಯ ಕೊಯ್ದ ಮುಖದ ಮೇಲೆ ಕರಿ ಟಾರಿನಲ್ಲಿ ಉ, ಸಾ, ಕ ಎಂದು ಒಂದು ಅಕ್ಷರ ಬರೆಯುತ್ತಿದ್ದೆ. ಗುರುತಿನ ಪುಸ್ತಕದಲ್ಲಿ ಮಾತ್ರ ಪೂರ್ತಿ ಬರೆಯಬೇಕಾಗಿತ್ತು. ಹೀಗಾಗಿ ಗಾಡಿ ಇಳಿದ ದಿನ ನಾಲ್ಕೈದು ಸಲವಾದರೂ ಆ ನಾಲ್ಕಕ್ಷರ ನನ್ನ ಕೈಯಿಂದ ಇಳಿಯುತ್ತಿತ್ತು.

ದರ್ಜೆ ಹೇಳುವವನು ನಾನಲ್ಲ. ಅದನ್ನು ಹೇಳುತ್ತಿದ್ದವರು ಮಂಡಿಯ ಮೇಸ್ತ್ರಿ, ಅರವತ್ತು ದಾಟಿದವರು, ನಲವತ್ತು ವರ್ಷದಿಂದ ಮರ ಕೇಳುತ್ತಿದ್ದವರು. ಕೇಳುವುದು ಎಂದೇ ನಾವು ಹೇಳುತ್ತಿದ್ದುದು. ಮರದ ಹೊರಗು ಎಲ್ಲರಿಗೂ ಕಾಣುತ್ತದೆ, ಒಳಗು ಕಾಣುವುದಿಲ್ಲ. ಆದ್ದರಿಂದ ಮೇಸ್ತ್ರಿ ದಿಮ್ಮಿಯ ಒಂದು ತುದಿಯಲ್ಲಿ ಕುಕ್ಕರಗಾಲಿನಲ್ಲಿ ಕೂತು ಕೊಯ್ದ ಮುಖಕ್ಕೆ ಕಿವಿ ಒತ್ತಿ ಇಡುವರು. ಇನ್ನೊಂದು ತುದಿಯಲ್ಲಿ ಆಳೊಬ್ಬ ಮರದ ಕೊಡತಿಯಿಂದ ಮೂರು ಸಲ ಮೆತ್ತಗೆ ಬಡಿಯುವನು. ಗಟ್ಟಿ ಮರದೊಳಗೆ ಸದ್ದು ಒಂದೇ ಸಮನೆ ಬರುತ್ತದೆ, ತೆಳ್ಳಗೆ. ಟೊಳ್ಳಿದ್ದರೆ ದಪ್ಪಗಾಗಿ, ಸ್ವಲ್ಪ ತಡವಾಗಿ ಬರುತ್ತದೆ. ನಾನೂ ಹಲವು ಸಲ ಕಿವಿ ಇಟ್ಟು ನೋಡಿದ್ದೇನೆ. ನನಗೆ ಎಲ್ಲ ಮರವೂ ಒಂದೇ ಥರ ಕೇಳುತ್ತಿತ್ತು.

ಕೆಲಸಕ್ಕೆ ಸೇರಿದ ಮೊದಲ ವಾರ ಸಾಧಾರಣ ಎಂದರೆ ಏನು ಎಂದು ಅವರನ್ನು ಕೇಳಿದ್ದೆ. ಉತ್ತಮ ಗೊತ್ತು, ಬಾಗಿಲುವಾಡಕ್ಕೆ, ಕೆತ್ತನೆಗೆ. ಕನಿಷ್ಠ ಗೊತ್ತು, ಸೌದೆಗೆ, ಬೇಲಿ ಗೂಟಕ್ಕೆ. ನಡುವಿನದು ಯಾವುದು?

"ನೋಡಾಕೆ ಚೆಂದಿಲ್ದಿದ್ರೂ ಹೊರಾಕೆ ಚೆಂದಾಗಿರ್ಬೇಕು," ಅಂದರು. "ಗಂಟಿರ್ಲಿ, ವಸಿ ಸೊಟ್ಟಗಿರ್ಲಿ. ಮನೆ ಭಾರ ಹೊತ್ರೆ ಅದು ಸಾದಾರಣ ಕಣಪ್ಪ."

ಅಷ್ಟು ಖಚಿತವಾದ ಅರ್ಥವನ್ನು ಆ ಮಾತಿಗೆ ಅದುವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮದು ಎಡತೊರೆ ಸೀಮೆ, ಈಗಿನ ಕೃಷ್ಣರಾಜನಗರ. ನಮ್ಮ ಮನೆಯಲ್ಲಿ ಆ ಮಾತು ಹೇಳುವವರ ಬಾಯಿಗೆ ತಕ್ಕಂತೆ ತೂಕ ಬದಲಿಸುತ್ತಿತ್ತು. ಅಮ್ಮ ನೆಂಟರಿಗೆ ಸಾಧಾರಣ ಅಡುಗೆ ಎಂದು ಹೇಳಿದರೆ ಎಲೆಯ ಮೇಲೆ ಎರಡು ಸಿಹಿ ಇರುತ್ತಿದ್ದವು. ಸೋದರತ್ತೆ ಹೆಣ್ಣು ನೋಡಿ ಬಂದು ಹುಡುಗಿ ಸಾಧಾರಣ ಎಂದರೆ ಆ ಮಾತು ಅಲ್ಲಿಗೆ ಮುಗಿಯಿತು. ಮರುದಿನ ಯಾರೂ ಆ ಊರಿನ ಹೆಸರೆತ್ತುತ್ತಿರಲಿಲ್ಲ. ಚಿಕ್ಕಪ್ಪನ ಕಾರ್ಡಿನಲ್ಲಿ ಇಲ್ಲಿ ಎಲ್ಲರ ಆರೋಗ್ಯ ಸಾಧಾರಣ ಎಂದಿದ್ದರೆ ಅಪ್ಪ ಕಾರ್ಡನ್ನು ಇನ್ನೊಮ್ಮೆ ಓದಿ, ಕೋಟು ಹಾಕಿಕೊಂಡು ಸ್ಟೇಷನ್ನಿಗೆ ಹೊರಡುತ್ತಿದ್ದರು. ಡಾಕ್ಟರು ಜ್ವರ ಸಾಧಾರಣ ಎಂದರೆ ಮಾತ್ರ ಎಲ್ಲರೂ ನಿರಾಳವಾಗಿ ಊಟಕ್ಕೆ ಕೂರುತ್ತಿದ್ದರು. ಇಷ್ಟು ಜನರ ಬಾಯಲ್ಲಿ ಇಷ್ಟು ಥರ ತಿರುಗುವ ಮಾತು ಮಂಡಿಯಲ್ಲಿ ಒಂದೇ ಅರ್ಥಕ್ಕೆ ನಿಂತಿತ್ತು. ನನಗೆ ಅದು ಹಿಡಿಸಿತು. ಬರೆಯುವಾಗ ಕೈ ಅಳುಕುತ್ತಿರಲಿಲ್ಲ.

ಇನ್ನೊಂದು ಕಾರಣಕ್ಕೂ ಹಿಡಿಸಿತು. ಅದನ್ನು ಮುಚ್ಚಿಟ್ಟರೆ ಈ ಬರಹ ಸುಳ್ಳಾಗುತ್ತದೆ. ಉ ಎಂದು ಬರೆದರೆ ಕೊಳ್ಳುವವರು ಜಗಳಕ್ಕೆ ಬರುತ್ತಿದ್ದರು; ಇದೇನು ಉತ್ತಮ, ಈ ಗಂಟು ನೋಡಿ, ಈ ಸೀಳು ನೋಡಿ ಎಂದು ಒಂದು ಗಂಟೆ ನಿಂತು ವಾದಿಸುತ್ತಿದ್ದರು. ಕ ಎಂದು ಬರೆದರೆ ಸಾಹುಕಾರರು ಮೈಸೂರಿನಿಂದ ಕಾಗದ ಹಾಕುತ್ತಿದ್ದರು. ಸಾ ಎಂಬುದಕ್ಕೆ ಯಾರ ತಕರಾರೂ ಇಲ್ಲ. ನಾನು ಸೇರಿದ ಮೂರನೆಯ ವರ್ಷ ಶಿವರಾತ್ರಿಯಿಂದೀಚೆಗೆ ಉ ಕಡಿಮೆಯಾಯಿತು, ಕ ಕಡಿಮೆಯಾಯಿತು, ಯುಗಾದಿಯ ನಂತರ ಪುಸ್ತಕದ ಪುಟಗಟ್ಟಲೆ ಸಾಧಾರಣವೇ. ಅದನ್ನು ನಾನು ನೋಡಿದ್ದೆ. ನೋಡಿ, ಈ ಸಲ ಕಾಡಿನಿಂದ ಒಂದೇ ಸಮದ ಮರ ಬರುತ್ತಿದೆ ಎಂದುಕೊಂಡು ಸುಮ್ಮನಾಗಿದ್ದೆ. ಮಂಡಿಯಲ್ಲಿ ಜಗಳವಿಲ್ಲದೆ ಹಗಲು ಸಲೀಸಾಗಿ ಕಳೆಯುತ್ತಿತ್ತು.

ಮುಂಗಾರಿಗೆ ಇನ್ನು ಮೂರು ವಾರ ಇದ್ದಾಗ ನಡೆದದ್ದನ್ನು ನೋಡಿದಷ್ಟೇ ಹೇಳುತ್ತೇನೆ.

ಕೊಡತಿ ಬಡಿಯುವ ಆಳು ಅಂದು ಬಂದಿರಲಿಲ್ಲ. ನಾನೇ ಕೊಡತಿ ಹಿಡಿದೆ. ಎರಡು ದಿಮ್ಮಿ ಆಯಿತು. ಮೂರನೆಯದಕ್ಕೆ ಕೈ ಎತ್ತಿದಾಗ ಗೇಟಿನ ಹತ್ತಿರ ಗಾಡಿಯವನೊಬ್ಬ ಕೂಗಿದ. ನಾನು ಅತ್ತ ತಿರುಗಿದೆ. ಕೈ ಹಾಗೇ ಕೆಳಗೆ ಬಂತು, ಮರಕ್ಕೆ ತಾಗಲಿಲ್ಲ. ಮೇಸ್ತ್ರಿ ಆ ತುದಿಯಲ್ಲಿ ಕಿವಿ ಇಟ್ಟುಕೊಂಡು ಓರೆಗಣ್ಣಿನಲ್ಲಿ ನನ್ನ ಕೈ ನೋಡುತ್ತಿದ್ದರು. ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, "ಸಾದಾರಣ. ಬರ್ಕೊಳಿ ರೈಟ್ರಪ್ಪ," ಅಂದರು.

ನಾನು ಬರೆದುಕೊಂಡೆ. ಬರೆದ ಮೇಲೆ ನಾನು ಏನು ಬರೆದೆ ಎಂಬುದು ತಿಳಿಯಿತು. ಮುಂದಿನ ದಿಮ್ಮಿಗೆ ಬೇಕೆಂದೇ ಕೈ ಎತ್ತಿ ಮೂರು ಸಲ ಇಳಿಸಿದೆ. ಮೂರು ಸಲವೂ ಮರಕ್ಕೆ ಒಂದು ಬೆರಳು ಅಂತರ ಇರುವಾಗಲೇ ತಡೆದೆ. ಮೇಸ್ತ್ರಿ ತಲೆಯಾಡಿಸಿ ಅದೇ ಮಾತು ಹೇಳಿದರು, ಅದೇ ದನಿಯಲ್ಲಿ. ಇನ್ನೊಮ್ಮೆ ಹಾಗೆ ಮಾಡಲು ನನ್ನಿಂದ ಆಗಲಿಲ್ಲ. ಹೊಟ್ಟೆನೋವು ಎಂದು ಹೇಳಿ ಕೊಡತಿ ಕೆಳಗಿಟ್ಟು ಆಫೀಸಿನೊಳಗೆ ಹೋಗಿ ಕೂತೆ.

ಎದುರಿಗೆ ನಿಂತು ಮಾತಾಡಿದರೆ ಅವರಿಗೆ ಕೇಳುತ್ತಿತ್ತು. ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಅದನ್ನು ನಾನು ಹಳೇ ಕೈಯವರ ಠೀವಿ ಎಂದು ತಿಳಿದಿದ್ದೆ. ಈಗ ಗುರುತಿನ ಪುಸ್ತಕ ತೆಗೆದು ಹಿಂದಕ್ಕೆ ತಿರುವುತ್ತ ಹೋದೆ. ಇಷ್ಟೂ ಪುಟಗಳ ಮರವನ್ನು ಯಾರೂ ಕೇಳಿರಲಿಲ್ಲ. ಹೆಚ್ಚಿನವು ಇನ್ನೂ ಮಂಡಿಯಲ್ಲೇ ಇದ್ದವು. ಹೊರಗೆ ಹೋದವು ಆರು. ಅದರಲ್ಲಿ ಐದು ತುಂಡು ಮರಗಳು, ಕಂಬಕ್ಕೆ, ಕೊಟ್ಟಿಗೆಗೆ ಹೋದವು. ಆರನೆಯದು ಹದಿನೆಂಟು ಅಡಿಯ ಮತ್ತಿ ದಿಮ್ಮಿ. ಎಂಟು ದಿನದ ಹಿಂದೆ ಗಾಡಿ ಕಟ್ಟುವ ಸಾಬರು ತಮ್ಮ ಹೊಸ ಮನೆಯ ನಡುತೊಲೆಗೆಂದು ಒಯ್ದಿದ್ದರು.

ಸಾಬರ ಕಾರ್ಖಾನೆ ಲಕ್ಷ್ಮಣತೀರ್ಥದ ಕಡೆಗಿನ ಬೀದಿಯಲ್ಲಿತ್ತು. ಗಾಡಿಯ ಚಕ್ರ ಕಟ್ಟುವುದರಲ್ಲಿ ಆ ಸೀಮೆಗೆಲ್ಲ ಹೆಸರಾದವರು. ಕಾರ್ಖಾನೆಯ ಹಿಂದೆಯೇ ಮನೆ ಕಟ್ಟಿಸುತ್ತಿದ್ದರು. ಅವರ ತಾಯಿ, ಇಬ್ಬರು ತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎಲ್ಲ ಸೇರಿ ಹನ್ನೊಂದು ಜನ ಒಂದೇ ಸೂರಿನ ಕೆಳಗೆ ಇರಬೇಕೆಂದು. ಮಳೆಗೆ ಮುಂಚೆ ಹೆಂಚು ಹೊದಿಸಬೇಕು ಎಂದು ಮಂಡಿಯಲ್ಲೇ ಹೇಳಿದ್ದರು.

ಅಂದು ನಾನು ಸುಮ್ಮನಿದ್ದೆ. ಒಂದು ದಿನ ಪೂರ್ತಿ. ತೊಲೆ ಗಟ್ಟಿಯಾಗಿಯೇ ಇದ್ದರೆ? ಇದ್ದೀತು, ಕಾಡಿನಿಂದ ಬರುವ ಮರದಲ್ಲಿ ಹೆಚ್ಚು ಪಾಲು ಗಟ್ಟಿಯೇ. ನಾನು ಬಾಯಿ ಬಿಟ್ಟರೆ ಮೇಸ್ತ್ರಿಯ ಕೆಲಸ ಹೋಗುತ್ತದೆ, ನಲವತ್ತು ವರ್ಷದ ಮಾತೂ ಹೋಗುತ್ತದೆ. ಬಿಡದಿದ್ದರೆ ಹನ್ನೊಂದು ಜನ ನನ್ನ ಅಕ್ಷರದ ಕೆಳಗೆ ಮಲಗುತ್ತಾರೆ. ಮಾರನೆಯ ದಿನ ಬೆಳಿಗ್ಗೆ ಮಂಡಿ ತೆರೆಯುವ ಮೊದಲೇ ಮೇಸ್ತ್ರಿಯ ಮನೆಗೆ ಹೋದೆ.

ಅವರು ಜಗುಲಿಯ ಮೇಲೆ ಕಂಬಕ್ಕೆ ಒರಗಿ ಬೇವಿನ ಕಡ್ಡಿಯಲ್ಲಿ ಹಲ್ಲುಜ್ಜುತ್ತಿದ್ದರು. ನಾನು ಎದುರಿಗೆ ನಿಂತು, ನಿನ್ನೆ ನಾನು ಕೊಡತಿ ಬಡಿಯಲೇ ಇಲ್ಲ ಎಂದು ಹೇಳಿದೆ. ಅಷ್ಟೇ ಹೇಳಿದ್ದು. ಅವರು ಕಡ್ಡಿ ಬಾಯಿಂದ ತೆಗೆದು ಅದನ್ನೇ ನೋಡಿದರು.

"ಎಷ್ಟು ಸಲ?" ಎಂದು ಕೇಳಿದರು.

"ಎರಡು ಸಲ."

"ಎರಡು ಸಲನೂ ಸಾದಾರಣ ಅಂದ್ನಾ?"

ಹೌದು ಎಂದು ತಲೆಯಾಡಿಸಿದೆ.

ಆಮೇಲೆ ಅವರೇ ಹೇಳಿದರು. ಎಡಗಿವಿ ಹೋಗಿ ಎರಡು ವರ್ಷವಾಗಿತ್ತು. ಬಲಗಿವಿಯಿಂದ ನಡೆಸುತ್ತಿದ್ದರು. ಈ ಚಳಿಗಾಲದಲ್ಲಿ ಅದೂ ಮಂಕಾಯಿತು; ಮಾತು ಸಿಕ್ಕುತ್ತದೆ, ಮರದೊಳಗಿನ ಸಣ್ಣ ಸದ್ದು ಸಿಕ್ಕುವುದಿಲ್ಲ. "ಕೇಳ್ದೆ ಇರೋ ಮರಕ್ಕೆ ಏನನ್ಲಿ ಹೇಳಪ್ಪ. ಉತ್ತಮ ಅಂದ್ರೆ ಸುಳ್ಳಾಯ್ತದೆ. ಕನಿಷ್ಟ ಅಂದ್ರೂ ಸುಳ್ಳಾಯ್ತದೆ. ಸಾದಾರಣ ಅಂದ್ರೆ ಯಾರೂ ತಿರುಗಿ ಕೇಳಾಕಿಲ್ಲ."

ಅದೂ ಸುಳ್ಳೇ ತಾನೇ ಎಂದು ನಾನು ಹೇಳಲಿಲ್ಲ. ಅವರ ಮುಖ ನೋಡಿದರೆ ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಆಮೇಲೆ ಅವರು ಹೇಳಿದ್ದು ನಾನು ಎಣಿಸಿರದ ಸಂಗತಿ. ಒಂದು ದಿನ ಹೀಗೇ ಹಲ್ಲುಜ್ಜುತ್ತ ಕೂತಿದ್ದಾಗ ಬಾಯಲ್ಲಿದ್ದ ಕಡ್ಡಿಯ ಇನ್ನೊಂದು ತುದಿ ಈ ಕಂಬಕ್ಕೆ ಒತ್ತಿಕೊಂಡಿತ್ತಂತೆ. ಒಳಗೆ ಹೆಂಡತಿ ಒನಕೆ ಹಿಡಿದು ಕುಟ್ಟುತ್ತಿದ್ದರು. ಕಿವಿಗೆ ಬಾರದ ಒನಕೆಯ ಸದ್ದು ಹಲ್ಲಿನ ಮೂಲಕ ತಲೆಯೊಳಗೆ ಸ್ಪಷ್ಟವಾಗಿ ಕೇಳಿತು. ಮಂಡಿಯಲ್ಲಿ ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ ದಿಮ್ಮಿಯ ತುದಿಗೆ ಹಲ್ಲು ಕಚ್ಚಿ, ಉದ್ದನೆಯ ಗಳುವಿನಿಂದ ತಾವೇ ಆ ತುದಿಗೆ ತಟ್ಟಿ ನೋಡಿದ್ದರು. ಮರ ಮೊದಲಿನಂತೆಯೇ ಕೇಳಿಸಿತ್ತು, ಗಟ್ಟಿ ಗಟ್ಟಿಯಾಗಿ, ಟೊಳ್ಳು ಟೊಳ್ಳಾಗಿ.

ಹಾಗಿದ್ದರೆ ಅದನ್ನೇ ಏಕೆ ಮಾಡಲಿಲ್ಲ ಎಂದೆ.

"ನಲ್ವತ್ತು ವರ್ಸ ಕಿವಿ ಮಡಗಿದೋನು ಕಣಪ್ಪ ನಾನು. ಕೂಲಿಯೋರ್ ಮುಂದೆ ನಾಯಿ ಮೂಳೆ ಕಚ್ಚಿದಂಗೆ ಮರ ಕಚ್ಲಾ?"

ಆ ಮಾತಿಗೆ ನನಗೆ ಸಿಟ್ಟು ಬಂದಿರಬೇಕಿತ್ತು. ಬರಲಿಲ್ಲ. ನಾಚಿಕೆ ಮುಚ್ಚಿಕೊಳ್ಳಲು ಅವರಿಗೆ ಸಾಧಾರಣ ಎಂಬ ಒಂದು ಮಾತು ಸಾಕಾಗಿತ್ತು. ಜಗಳ ತಪ್ಪಿಸಿಕೊಳ್ಳಲು ನನಗೂ ಅದೇ ಸಾಕಾಗಿತ್ತು. ಸಾಬರು ಒಯ್ದ ಮತ್ತಿ ದಿಮ್ಮಿಯ ವಿಷಯ ಹೇಳಿದೆ. ಅವರು ಬಾಯಿ ಮುಕ್ಕಳಿಸಿ, ಒಳಗೆ ಹೋಗಿ ರುಮಾಲು ಸುತ್ತಿಕೊಂಡು ಬಂದರು. "ನಡೀರಿ," ಅಂದರು. ಹೆಂಡತಿ ರೊಟ್ಟಿ ತಿಂದು ಹೋಗು ಎಂದು ಬಾಗಿಲಿಗೆ ಬಂದು ಹೇಳಿದ್ದು ಅವರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ನಾವು ಹೋದಾಗ ತೊಲೆ ಗೋಡೆಯ ಮೇಲೇರಿತ್ತು. ಚೌಕವಾಗಿ ಕೆತ್ತಿ ಎಣ್ಣೆ ಬಳಿದಿದ್ದರು. ಒಂದು ತುದಿಯಲ್ಲಿ ನನ್ನ ಸಾ ಇನ್ನೂ ಅರ್ಧ ಉಳಿದಿತ್ತು. ಸಾಬರು ನೆಲದ ಮೇಲೆ ರೀಪರುಗಳನ್ನು ಜೋಡಿಸಿ ನೋಡುತ್ತಿದ್ದರು. ಅವರ ಮುದಿ ತಾಯಿ ಗೋಡೆಯ ನೆರಳಿನಲ್ಲಿ ಕಲ್ಲಿನ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು.

ಮೇಸ್ತ್ರಿ ಯಾವ ಪೀಠಿಕೆಯನ್ನೂ ಹಾಕಲಿಲ್ಲ. "ಸಾಬ್ರೆ, ಆ ತೊಲೆಗೆ ಹೆಂಚಿನ ಭಾರ ಹಾಕ್ಬ್ಯಾಡಿ. ಅದನ್ನ ನಾನು ಕೇಳಿಲ್ಲ."

ಸಾಬರು ನಕ್ಕರು. ಮೇಸ್ತ್ರಿಗೆ ಬೆಳಿಗ್ಗೆ ಬೆಳಿಗ್ಗೆಯೇ ತಮಾಷೆ ಎಂದು ನನ್ನ ಕಡೆ ನೋಡಿದರು. ನಾನು ನಗಲಿಲ್ಲ. ಮೇಸ್ತ್ರಿ ತಮ್ಮ ಕಿವಿಯನ್ನು ಮುಟ್ಟಿ ತೋರಿಸಿ, ಇದು ಹೋಗಿದೆ, ಹೋಗಿ ನಾಲ್ಕು ತಿಂಗಳಾಯಿತು, ನಾನು ಹೇಳಿದ್ದೆಲ್ಲ ಬಾಯಿಗೆ ಬಂದದ್ದು, ರೈಟರು ಅದನ್ನೇ ಬರೆದಿದ್ದಾರೆ ಎಂದರು. ಗೊತ್ತಿಲ್ಲದೆ ಬರೆದದ್ದು ಎಂದು ನನ್ನ ಪರವಾಗಿ ಒಂದು ಮಾತು ಸೇರಿಸಿದರು. ಆ ಮಾತು ಅರ್ಧ ಮಾತ್ರ ನಿಜ, ನಾನು ತಿದ್ದಿದೆ. ಪುಸ್ತಕ ನೋಡಿದ್ದರೆ ನನಗೆ ಎಂದೋ ಗೊತ್ತಾಗಬೇಕಿತ್ತು ಎಂದೆ.

ಸಾಬರ ನಗು ಮೆಲ್ಲಗೆ ಇಳಿಯಿತು. ಅವರು ಕೂಗಾಡುವವರಲ್ಲ. ಕೈಯಲ್ಲಿದ್ದ ರೀಪರನ್ನು ಗೋಡೆಗೆ ಒರಗಿಸಿದರು.

"ನಾನು ಮರದವನು ರೈಟ್ರೆ," ಅಂದರು. "ಉ ಅಂತ ಇದ್ದಿದ್ರೆ ನಾನೇ ಕೊಡತಿ ತಗೊಂಡು ಹತ್ತು ಸಲ ಬಡಿದು ನೋಡ್ತಿದ್ದೆ. ಉತ್ತಮ ಅಂದೋರನ್ನ ಯಾರು ನಂಬ್ತಾರೆ? ಸಾ ಅಂತ ಇತ್ತು. ಅದಕ್ಕೂ ಸುಳ್ಳು ಹೇಳೋರು ಇರ್ತಾರೆ ಅಂತ ನನಗೆ ಹೊಳೀಲಿಲ್ಲ."

ಆ ಮಾತಿನ ಬಗೆಗೆ ಇಂದಿಗೂ ನಾನು ಯೋಚಿಸುತ್ತೇನೆ. ಅದಕ್ಕಿಂತ ಸರಿಯಾಗಿ ಸಾಧಾರಣದ ಬಲವನ್ನು ಯಾರೂ ಹೇಳಿದ್ದು ನಾನು ಕೇಳಿಲ್ಲ. ಹೊಗಳಿಕೆಯನ್ನು ಜನ ತಿರುಗಿಸಿ ನೋಡುತ್ತಾರೆ, ತೆಗಳಿಕೆಯನ್ನೂ ತಿರುಗಿಸಿ ನೋಡುತ್ತಾರೆ. ನಡುವಿನ ಮಾತನ್ನು ಹಾಗೇ ಒಳಗೆ ಬಿಟ್ಟುಕೊಳ್ಳುತ್ತಾರೆ. ಆದ್ದರಿಂದ ಅದನ್ನು ಹೇಳುವವನು ಉಳಿದೆರಡನ್ನು ಹೇಳುವವನಿಗಿಂತ ಹೆಚ್ಚು ನೋಡಿ ಹೇಳಬೇಕು. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ತೊಲೆಯನ್ನು ಅಲ್ಲಿಯೇ ಕೇಳಿ ನೋಡುತ್ತೇನೆ ಎಂದು ಮೇಸ್ತ್ರಿ ಹೇಳಿದಾಗ ಸಾಬರು, ಯಾವ ಕಿವಿಯಲ್ಲಿ ಎಂದು ಕೇಳಿದರು. ಮೇಸ್ತ್ರಿ ಏಣಿ ಹತ್ತಿದರು. ತೊಲೆಯ ತುದಿ ಗೋಡೆಯಿಂದ ಒಂದು ಗೇಣು ಹೊರಗೆ ಚಾಚಿತ್ತು. ಅದಕ್ಕೆ ಬಾಯಿ ಹಾಕಿ ಹಲ್ಲು ಊರಿ ಕಣ್ಣು ಮುಚ್ಚಿದರು. ಸಾಬರ ತಮ್ಮಂದಿರು, ಗಾರೆಯವರು, ಎದುರು ಮನೆಯ ಹೆಂಗಸರು ಎಲ್ಲರೂ ನೋಡುತ್ತಿದ್ದರು. ನಾನು ಇನ್ನೊಂದು ಗೋಡೆಗೆ ಹತ್ತಿ ಕೊಡತಿಯಿಂದ ಮೂರು ಸಲ ಬಡಿದೆ. ಈ ಸಲ ಬಡಿದೆ ಎಂಬುದನ್ನು ಬೇರೆಯಾಗಿ ಹೇಳಬೇಕು.

ಮೇಸ್ತ್ರಿ ಕೈ ಆಡಿಸಿದರು, ಇನ್ನೊಮ್ಮೆ ಎಂದು. ಇನ್ನೊಮ್ಮೆ ಬಡಿದೆ. ಆಮೇಲೆ ತುದಿ ಬದಲಾಯಿಸಿ, ನನ್ನ ಕಡೆಗೆ ಅವರು ಬಂದರು, ಅವರ ಕಡೆಗೆ ನಾನು ಹೋದೆ. ಅವರ ತುಟಿಗೆ ಎಣ್ಣೆಯೂ ಮರದ ಪುಡಿಯೂ ಅಂಟಿತ್ತು. ಕೊನೆಗೆ ತೊಲೆಯ ಮೇಲೆ ಕೂತು ಮುಂದಕ್ಕೆ ಜರುಗುತ್ತ ಮೊಳದಲ್ಲಿ ಅಳೆದು, ನಾಲ್ಕನೆಯ ಮೊಳದ ಹತ್ತಿರ ಉಗುರಿನಿಂದ ಗೀರಿದರು.

"ಇಲ್ಲಿ ಬೈರಿಗೆ ಹಾಕಿ ಸಾಬ್ರೆ."

ಸಾಬರು ತಾವೇ ಬೈರಿಗೆ ತಂದು ಕೊರೆದರು. ಮೊದಲು ಕಂದು ಬಣ್ಣದ ಸುರುಳಿ ಹೊಟ್ಟು ಬಂತು, ಗಟ್ಟಿ ಮರದ್ದು. ಎರಡು ಬೆರಳು ಒಳಗೆ ಹೋಗುವವರೆಗೂ ಹಾಗೆಯೇ. ಮೂರನೆಯ ಬೆರಳಿಗೆ ಬೈರಿಗೆ ಒಮ್ಮೆಲೇ ಹಿಡಿಯವರೆಗೆ ನುಗ್ಗಿತು. ಹೊರಗೆಳೆದಾಗ ಅದರ ಹಿಂದೆ ಕಪ್ಪು ಪುಡಿ ರಾಗಿಹಿಟ್ಟಿನಂತೆ ಸುರಿಯಿತು, ಸುರಿದು ಕೆಳಗೆ ನೆಲದ ಮೇಲೆ ಸಣ್ಣ ಗುಡ್ಡೆಯಾಯಿತು.

ಸಾಬರ ತಾಯಿ ಎದ್ದು ಬಂದು ಆ ಪುಡಿಯನ್ನು ಕಾಲ ಬೆರಳಿನಿಂದ ಮುಟ್ಟಿ ನೋಡಿದರು. "ನನ್ನ ಚಾಪೆ ಇಲ್ಲೇ ಹಾಕ್ಬೇಕು ಅಂತಿದ್ದೆ," ಅಂದರು, ಅಕ್ಕಿ ಎಷ್ಟು ಹಾಕಬೇಕು ಎಂದು ಹೇಳುವ ದನಿಯಲ್ಲಿ.

ನಾನು ಗಾರೆಯವನೊಬ್ಬನ ಹೆಗಲು ಹಿಡಿದು ಗೋಡೆಯಿಂದ ಇಳಿದೆ. ಮೇಸ್ತ್ರಿ ಮಾತ್ರ ತೊಲೆಯ ತುದಿಗೆ ಹೋಗಿ, ಉಳಿದಿದ್ದ ಅರ್ಧ ಸಾ ಅಕ್ಷರವನ್ನು ಬಾಚಿಯಿಂದ ಕೆತ್ತಿ ತೆಗೆದು, "ಕನಿಷ್ಟ. ಬರ್ಕೊಳಿ," ಎಂದರು. ನಾನು ಪುಸ್ತಕ ತಂದಿರಲಿಲ್ಲ. ಅಂಗೈ ಮೇಲೆ ಬರೆದುಕೊಂಡೆ.

ಸಾಬರು ನಮ್ಮಿಬ್ಬರಿಗೂ ಹೊರಡಿ ಎಂದು ಹೇಳಿದರು. ಬಯ್ಯಲಿಲ್ಲ, ಬಾಗಿಲವರೆಗೆ ಬರಲೂ ಇಲ್ಲ.

ಅಂದೇ ನಾನು ಸಾಹುಕಾರರಿಗೆ ಕಾಗದ ಬರೆದೆ. ಮೇಸ್ತ್ರಿಯ ಕಿವಿಯ ವಿಷಯವನ್ನೂ ನನ್ನ ಕಣ್ಣಿನ ವಿಷಯವನ್ನೂ ಬರೆದೆ. ಅವರಿಗೆ ಕೇಳಿಸಲಿಲ್ಲ, ನಾನು ಕಂಡರೂ ನೋಡಲಿಲ್ಲ ಎಂದು. ಮೇಸ್ತ್ರಿ ಕೂತು ಕೇಳಿ ಹೆಬ್ಬೆಟ್ಟು ಒತ್ತಿದರು. ಹೊರಗೆ ಹೋಗಿದ್ದ ಉಳಿದ ಐದು ಮರಗಳ ಮನೆಗಳಿಗೂ ನಡೆದು ಹೋಗಿ ಒಂದೊಂದನ್ನೂ ಕೇಳಿ ಬಂದೆವು. ಅವು ಐದೂ ಗಟ್ಟಿಯಾಗಿದ್ದವು. ಉತ್ತರ ಬರುವ ತನಕ ಕಾಯದೆ ಮಂಡಿಯಲ್ಲಿದ್ದ ಸಾ ಗುರುತಿನ ದಿಮ್ಮಿಗಳನ್ನೆಲ್ಲ ಮೊದಲಿನಿಂದ ಕೇಳಲು ಶುರುಮಾಡಿದೆವು. ಅರವತ್ತೊಂದು ದಿಮ್ಮಿ. ಮೂರು ದಿನ ಹಿಡಿಯಿತು. ಮೊದಲ ದಿನ ಮೇಸ್ತ್ರಿ ದಿಮ್ಮಿಗೆ ಹಲ್ಲು ಊರಿದ ಕೂಡಲೇ ಆಳುಗಳಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನ ನಗು ಅವರಿಗೆ ಕೇಳಿಸಲಿಲ್ಲ, ಮುಖ ಕಾಣಿಸಿತು.

"ನಗು ಕಣ್ಲಾ," ಅಂದರು. "ಹಲ್ಲಿರೋಗಂಟ ಕಚ್ತೀನಿ. ಉದುರಿದ್ ಮ್ಯಾಕೆ ನಿನ್ ಹಲ್ಲು ಕೊಡೀವಂತೆ."

ಎಲ್ಲರೂ ನಕ್ಕರು. ಅವರೂ ನಕ್ಕರು. ಅಷ್ಟು ಸುಲಭವಾಗಿ ಮುಗಿಯಬಹುದಾಗಿದ್ದ ನಾಚಿಕೆ ಅದು.

ಅರವತ್ತೊಂದರಲ್ಲಿ ಒಂಬತ್ತು ಉತ್ತಮವಾದವು, ಎಂಟು ಕನಿಷ್ಠವಾದವು. ಉಳಿದ ನಲವತ್ತನಾಲ್ಕು ನಿಜವಾಗಿಯೂ ಸಾಧಾರಣ. ಎಂದರೆ ಮೇಸ್ತ್ರಿ ಕೇಳದೆ ಹೇಳಿದ್ದರಲ್ಲಿ ಹೆಚ್ಚು ಪಾಲು ಸರಿಯಾಗಿತ್ತು. ಮರ ಹೆಚ್ಚಾಗಿ ಸಾಧಾರಣವಾಗಿಯೇ ಇರುತ್ತದೆ, ಮನುಷ್ಯರೂ ಹಾಗೆಯೇ. ಕಣ್ಣು ಮುಚ್ಚಿ ಹೇಳಿದರೂ ಮುಕ್ಕಾಲು ಪಾಲು ನಿಜವಾಗುತ್ತದೆ. ನಮ್ಮನ್ನು ನಾಲ್ಕು ತಿಂಗಳು ನಿಶ್ಚಿಂತೆಯಿಂದ ಇಟ್ಟಿದ್ದು ಆ ಮುಕ್ಕಾಲು ಪಾಲು. ಸಾಬರ ಗೋಡೆ ಏರಿದ್ದು ಉಳಿದ ಕಾಲು ಪಾಲಿನದು.

ಆ ಮೂರು ದಿನದಲ್ಲಿ ನಾನು ಸಾ ಎಂಬ ಅಕ್ಷರವನ್ನು ಮತ್ತೆ ನಲವತ್ತನಾಲ್ಕು ಸಲ ಬರೆದೆ. ಹಳೆಯ ಗುರುತಿನ ಮೇಲೆಯೇ ಟಾರು ತೀಡಿದ್ದರಿಂದ ಹೊರಗಿನವರಿಗೆ ಏನೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕೇಳಿ ಬರೆದದ್ದು, ಕೇಳದೆ ಬರೆದದ್ದು ಎರಡೂ ನೋಡಲು ಒಂದೇ. ಅದನ್ನು ಬೇರೆ ಮಾಡಿ ತೋರಿಸುವ ಇನ್ನೊಂದು ಗುರುತು ನಮ್ಮಲ್ಲಿ ಇರಲಿಲ್ಲ. ಎಲ್ಲಿಯೂ ಇಲ್ಲವೆಂದು ಈಗ ನನಗೆ ಗೊತ್ತು.

ಸಾಹುಕಾರರ ಉತ್ತರ ಚಿಕ್ಕದಾಗಿತ್ತು. ಮೇಸ್ತ್ರಿ ತಿಂಗಳ ಕೊನೆಯವರೆಗೆ ಇದ್ದು ಹೋಗಲಿ, ಸಾಬರಿಗೆ ಅವರು ಕೇಳಿದ ಮರ ಕೊಡತಕ್ಕದ್ದು, ರೈಟರು ಇನ್ನು ಮುಂದೆ ಜಾಗ್ರತೆಯಾಗಿರತಕ್ಕದ್ದು. ಓದಿ ಹೇಳಿದೆ. ಮೇಸ್ತ್ರಿ ಒಪ್ಪಿದರು. ಬೆಟ್ಟದಪುರದಲ್ಲಿ ಮಗಳಿದ್ದಾಳೆ, ಅಲ್ಲಿಗೆ ಹೋಗುತ್ತೇನೆ ಅಂದರು. ಕೆಲಸದ ವಿಷಯಕ್ಕೆ ಬೇಡಿಕೊಳ್ಳಲಿಲ್ಲ. ಆದರೆ ಸಾಬರು ಬರುತ್ತಾರೋ ಇಲ್ಲವೋ ಎಂದು ದಿನಕ್ಕೆ ಎರಡು ಸಲ ಗೇಟಿನವರೆಗೆ ಹೋಗಿ ನೋಡಿ ಬರುತ್ತಿದ್ದರು.

ಐದನೆಯ ದಿನ ಸಾಬರು ಬಂದರು, ತಮ್ಮನನ್ನು ಕರೆದುಕೊಂಡು, ಗಾಡಿ ಹೊಡೆಸಿಕೊಂಡು. ಮೇಸ್ತ್ರಿ ಅವರಿಗೆಂದು ಉತ್ತಮ ದರ್ಜೆಯ ಒಂದು ತೇಗದ ದಿಮ್ಮಿಯನ್ನು ಬೇರೆ ಎತ್ತಿಡಿಸಿದ್ದರು. ಅದನ್ನು ತೋರಿಸಿದಾಗ ಸಾಬರು ಅದರ ಕಡೆ ಸರಿಯಾಗಿ ನೋಡಲೂ ಇಲ್ಲ. ಬಾಗಿಲು ಕೆತ್ತಿಸುವವರಿಗೆ ಕೊಡಿ ಅಂದರು. ತಮಗೆ ಬೇಕಾಗಿದ್ದದ್ದು ಮನೆ ಹೊರುವ ಒಂದು ಸಾಧಾರಣ ಮರ, ಅದಕ್ಕಿಂತ ಹೆಚ್ಚಿನದು ತಾವು ಮೊದಲೂ ಕೇಳಿರಲಿಲ್ಲ, ಈಗಲೂ ಕೇಳುವುದಿಲ್ಲ ಎಂದರು.

ಮೇಸ್ತ್ರಿ ಸಾಲಿನಲ್ಲಿ ನಡೆದು ಒಂದು ಮತ್ತಿ ದಿಮ್ಮಿಯ ಮುಂದೆ ನಿಂತರು. ಎರಡು ಗಂಟಿದ್ದವು, ಬುಡದಲ್ಲಿ ಸ್ವಲ್ಪ ಬಾಗಿತ್ತು. ಅದನ್ನು ಆಗಲೇ ಒಮ್ಮೆ ಕೇಳಿ ಗುರುತು ಹಾಕಿಯಾಗಿತ್ತು. ಆದರೂ ಸಾಬರ ಎದುರಿಗೆ, ಎಲ್ಲ ಆಳುಗಳ ಎದುರಿಗೆ ಮತ್ತೆ ಕುಕ್ಕರಗಾಲಿನಲ್ಲಿ ಕೂತು ಹಲ್ಲು ಊರಿದರು. ನಾನು ಬಡಿದೆ. ಎರಡು ತುದಿಯಿಂದಲೂ ಆಯಿತು. ಅವರು ಎದ್ದು ದರ್ಜೆ ಹೇಳಿದರು. ಸಾಬರು ನನ್ನ ಕೈಯಿಂದ ಕೊಡತಿ ಈಸಿಕೊಂಡು ತಾವೂ ಕಿವಿ ಇಟ್ಟು, ತಮ್ಮನಿಂದ ಬಡಿಸಿ ನೋಡಿದರು. ಒಂದು ಸಲ ಸಾಲದೆ ಮೂರು ಸಲ. ಮೇಸ್ತ್ರಿ ಕೈ ಕಟ್ಟಿಕೊಂಡು ಪಕ್ಕಕ್ಕೆ ನಿಂತಿದ್ದರು. ಅವರ ಮುಖದಲ್ಲಿ ನೋವು ಇರಲಿಲ್ಲ. ಸಾಬರು ಗಾಡಿಗೆ ಏರಿಸಿ ಅಂದರು.

ಹೆಂಚು ಹೊದಿಸುವ ದಿನ ನಮ್ಮನ್ನು ಯಾರೂ ಕರೆದಿರಲಿಲ್ಲ. ಬೆಳಿಗ್ಗೆ ಮೇಸ್ತ್ರಿ ಮಂಡಿಗೆ ಬಂದು, ಅಲ್ಲಿಗೆ ಹೋಗುತ್ತಿದ್ದೇನೆ ಎಂದು ಮಾತ್ರ ಹೇಳಿ ಹೊರಟರು. ಮೋಡ ಕವಿಯುತ್ತಿತ್ತು, ಕೆಲಸದವರು ಆತುರದಲ್ಲಿದ್ದರು. ನಾನು ಮಂಡಿಗೆ ಬೀಗ ಹಾಕಿ ಹೋಗುವಷ್ಟರಲ್ಲಿ ಗಾರೆಯವರು ಸೂರಿನ ಮೇಲೆ ಸಾಲಾಗಿ ಕೂತು ಕೈಯಿಂದ ಕೈಗೆ ಹೆಂಚು ದಾಟಿಸುತ್ತಿದ್ದರು. ಮೇಸ್ತ್ರಿ ಒಳಗಿದ್ದರು. ಹಸಿ ನೆಲದ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು, ನಡುತೊಲೆಯ ಸರಿಯಾದ ಮಧ್ಯಕ್ಕೆ, ಅದರ ಕೆಳಗೆ ಕಾಲು ಮಡಿಚಿ ಕೂತಿದ್ದರು. ಮೇಲಿನಿಂದ ಧೂಳು ಉದುರುತ್ತಿತ್ತು. ಎದ್ದು ಬನ್ನಿ, ಹೆಂಚು ಜಾರಿದರೆ ತಲೆಗೆ ಬೀಳುತ್ತದೆ ಎಂದು ಗಾರೆಯವರು ಮೇಲಿನಿಂದ ಕೂಗಿದ್ದು ಅವರಿಗೆ ಕೇಳಿಸಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸಾಬರು ಅವರನ್ನು ನೋಡಿದರು, ಏಳಿ ಎಂದು ಹೇಳಲಿಲ್ಲ.

ನಾನು ಸ್ವಲ್ಪ ಹೊತ್ತು ಹೊರಗೇ ನಿಂತಿದ್ದೆ. ಆ ಮರದ ದರ್ಜೆ ಹೇಳಿದವರು ಅವರು, ಬರೆದವನು ನಾನು. ಒಳಗೆ ಹೋಗಿ ಗೋಣಿಚೀಲದ ಇನ್ನೊಂದು ಕೊನೆಯಲ್ಲಿ ಕೂತೆ. ಅವರು ಸರಿದು ಜಾಗ ಮಾಡಿಕೊಟ್ಟರು. ಒಂದೊಂದು ಸಾಲು ಏರಿದಂತೆ ಒಳಗೆ ಬೆಳಕು ಕಡಿಮೆಯಾಗುತ್ತ ಬಂತು. ತೊಲೆ ಒಂದು ಸಲ ಕಿರುಗುಟ್ಟಿತು, ಹೊಸ ಭಾರಕ್ಕೆ ಗೋಡೆಯಲ್ಲಿ ಕೂತುಕೊಳ್ಳುವಾಗ ಎಲ್ಲ ತೊಲೆಗಳೂ ಮಾಡುವ ಸದ್ದು ಅದು. ನಾನು ಬೆಚ್ಚಿ ಮೇಲೆ ನೋಡಿದೆ. ಮೇಸ್ತ್ರಿ ನನ್ನ ಮುಖ ನೋಡಿ, ಏನಾಯಿತು ಎಂದು ಕಣ್ಣಿನಲ್ಲೇ ಕೇಳಿದರು. ಏನಿಲ್ಲ ಎಂದೆ. ಕೊನೆಯ ಹೆಂಚು ಕೂರಿಸುವವರೆಗೂ ಇಬ್ಬರೂ ಅಲ್ಲಿಂದ ಏಳಲಿಲ್ಲ.